ಹೂಂ ಎಂದವನ ಹೊಣೆ

ಇವತ್ತು ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಉಕ್ಕಿ ಸೀಮೆಎಣ್ಣೆ ಸ್ಟೌವಿನ ಬತ್ತಿಗಳೆಲ್ಲ ತೊಯ್ದುಹೋದವು. ಹಾಲಿನ ಕಡೆ ನೋಡಿಕೊಳ್ಳಿ ಎಂದು ಹೇಳಿ ಹೆಂಡತಿ ನೀರಿಗೆ ಹೋಗಿದ್ದಳಂತೆ. ಪತ್ರಿಕೆಯೊಳಗೆ ಮುಳುಗಿದ್ದ ನಾನು "ಹೂಂ" ಎಂದಿದ್ದೆನಂತೆ. ಎಂದದ್ದು ನನಗೆ ನೆನಪಿಲ್ಲ, ಅವಳಿಗಿದೆ. ಓದು ನನಗೆ ಅನ್ನ ಕೊಟ್ಟಿತು, ನಾಲ್ಕು ಜನರ ನಡುವೆ ಕುರ್ಚಿ ಕೊಟ್ಟಿತು. ಜೊತೆಗೆ ಈ ಕಿವಿಯಿಲ್ಲದ ಹೂಂಕಾರವನ್ನೂ ಅಂಟಿಸಿತು. ಹಾಲು ಹೋದದ್ದು ದೊಡ್ಡದಲ್ಲ, ಗೆಳೆಯರೇ. ಒಮ್ಮೆ ಇದರಿಂದ ನಮ್ಮ ಮನೆಯ ಕುರಿಮಂದೆಯೇ ಹೋಗುವುದಿತ್ತು.

ಆಗ ನಾನು ಬಿ.ಎ. ಪಾಸಾಗಿ ಕೆಲಸದ ಆದೇಶಕ್ಕೆ ಕಾಯುತ್ತಿದ್ದೆ. ಆದಿವಾಲದ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ದುರ್ಗದ ಹಾಸ್ಟೆಲಿನ ತಿಳಿಸಾರು ಉಂಡು, ಎರಡೇ ಅಂಗಿಯಲ್ಲಿ ಮೂರು ವರ್ಷ ತಳ್ಳಿ ಪಡೆದ ಪದವಿಯದು. ಅದರ ಹೆಮ್ಮೆಯನ್ನು ಮುಚ್ಚಿಡುವವನಲ್ಲ ನಾನು. ಅಪ್ಪನ ಕಾಲು ಉಳುಕಿದ್ದರಿಂದ, ಬಾಗೂರಿನ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಮಂದೆ ತರುಬಿ ನಿಲ್ಲಿಸಲು ಹೊರಟಿದ್ದ ದೊಡ್ಡಪ್ಪ, ದೊಡ್ಡವ್ವರ ಜೊತೆಗೆ ಅಪ್ಪನ ಬದಲು ನಾನು ನಡೆದೆ. ಅರವತ್ತು ಕುರಿ, ಪಾತ್ರೆಪಡಗ ಹೊತ್ತ ಒಂದು ಕತ್ತೆ, ಮೂವರು ನಾವು.

ಹಿರಿಯೂರಿನ ತೆಂಗಿನ ತೋಟಗಳು ಹಿಂದೆ ಸರಿದು ಬೆಟ್ಟಗಳ ಸಾಲು ಎದುರಾದಾಗ ನಾನು ನನ್ನವನಾಗಿ ಉಳಿಯಲಿಲ್ಲ. ಮಳೆ ಬಿದ್ದು ವಾರವಾಗಿತ್ತು. ದಾರಿಯುದ್ದಕ್ಕೂ ತಂಗಡಿ ಹೂವಿನ ಹಳದಿ, ಬೆಟ್ಟದ ಮೈಮೇಲೆ ಇನ್ನೊಂದು ಮಂದೆಯಂತೆ ಮೆಲ್ಲಗೆ ಏರುತ್ತಿದ್ದ ಮೋಡದ ನೆರಳು. ಹುಟ್ಟಿದಾಗಿನಿಂದ ಕಂಡ ನೆಲವೇ, ಆದರೆ ಪರೀಕ್ಷೆಯ ಭಯ ಕಳೆದ ಕಣ್ಣಿಗೆ ಅದು ಹೊಸದಾಗಿ ಕಾಣುತ್ತಿತ್ತು. ಪಕ್ಕದಲ್ಲಿ ದೊಡ್ಡಪ್ಪ ಕೋಲು ಚಾಚಿ ಏನೇನೋ ಹೇಳುತ್ತಿದ್ದ. ನಾನು ಹೂಂ ಎಂದೆ. ಇನ್ನೊಮ್ಮೆ ಹೂಂ ಎಂದೆ. ಮಂದೆ ತರುಬಬೇಕಿದ್ದ ಹೊಲದ ಗೌಡರನ್ನು ಮಾತಾಡಿಸಿಕೊಂಡು ಬರಲು ಅವನು ನೆಮ್ಮದಿಯಿಂದ ಮುಂದೆ ಹೋದ. ಕುರಿ ಕಾಯುವವರಲ್ಲಿ ಹೂಂ ಎಂದರೆ ಕೈಮೇಲೆ ಕೈ ಇಟ್ಟಂತೆ. ಹೇಳಿದವನ ಭಾರ ಅಲ್ಲಿಗೆ ಇಳಿದು ಕೇಳಿದವನ ಹೆಗಲಿಗೆ ಬರುತ್ತದೆ.

ದಾರಿಯ ಪಕ್ಕ ಕೊಯ್ಲಾದ ಜೋಳದ ಹೊಲವಿತ್ತು. ಕೊಯ್ದ ಬುಡಗಳಿಂದ ಗೇಣುದ್ದದ ಎಳೆ ಚಿಗುರು ಎದ್ದು, ಗಿಳಿಯ ರೆಕ್ಕೆಯಂಥ ಹಸಿರು ಗಾಳಿಗೆ ಓಲಾಡುತ್ತಿತ್ತು. ಬೆಳಗಿನಿಂದ ಒಣಕಲು ಜಗಿದ ಕುರಿಗಳ ಮೇಲೆ ಕರುಣೆ ಉಕ್ಕಿ, ನಾನೇ ಬೇಲಿಯ ಮುಳ್ಳು ಸರಿಸಿದೆ. ಮುಂದಿನ ನಾಲ್ಕು ಕುರಿ ಒಳಗೆ ಬಾಯಿ ಹಾಕಿದ್ದವು.

"ಲೇ ಲೇ! ಹೊರಗೆ ಹೊಡಿಯೋ! ಕೂಳೆ ಜೋಳ ಅದು, ವಿಷ!" ಹಿಂದಿದ್ದ ದೊಡ್ಡವ್ವ ಕತ್ತೆಯನ್ನು ಓಡಿಸಿಕೊಂಡು ಬರುತ್ತಿದ್ದಳು. "ಬುಡದಾಗಿಂದ ಬಂದ ಚಿಗುರು ಮೇಯಿಸ್ಬ್ಯಾಡ ಅಂತ ನಿಮ್ ದೊಡ್ಡಪ್ಪ ಅಷ್ಟೊತ್ತು ಬಾಯಿ ಬಡ್ಕಂಡ್ನಲ್ಲೋ!"

ಇಬ್ಬರೂ ಸೇರಿ ಅವನ್ನು ಹೊರಗಟ್ಟಿ, ಬೇಲಿ ಮುಚ್ಚಿದೆವು. ದೊಡ್ಡವ್ವ ಬೆಲ್ಲ ಕದಡಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ನಾಲ್ಕಕ್ಕೂ ಕುಡಿಸಿದಳು. ಮೂರು ಮೈ ಕೊಡವಿಕೊಂಡು ನಿಂತವು. ಒಂದು ಹೆಣ್ಣುಕುರಿ ಮಾತ್ರ ಏದುಸಿರು ಬಿಡುತ್ತ ನೆಲ ಹಿಡಿಯಿತು. ನಾನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ.

"ನಾನು ಬೇಲಿ ತೆಗೀತೀನಿ ಅಂತ ಹೆಂಗೆ ಗೊತ್ತಾತು ದೊಡ್ಡವ್ವ?"

"ಬೇಲಿ ಕಥೆ ಗೊತ್ತಿರ್ಲಿಲ್ಲ ಕಣಪ್ಪ. ನಿನ್ ಹೂಂ ಕೇಳಿದೆ. ಅದು ಮಾತು ಕೇಳಿದೋರ ಹೂಂ ಅಲ್ಲ, ತೊಟ್ಲು ತೂಗೋರ ಹೂಂ. ಅದಕ್ಕೇ ಕತ್ತೆ ಬೆನ್ನಿಗೆ ನಾಕು ಬಿಟ್ಟು ಬಂದೆ."

"ಆಗ್ಲೇ ಹೇಳಬಾರ್ದಿತ್ತಾ?"

"ನಿಮ್ ದೊಡ್ಡಪ್ಪನ ಮುಂದೆ ಓದಿದ್ ಮಗನ ಮಾನ ತೆಗೀಲೇನು?"

ಮೂರು ವರ್ಷ ಉಪನ್ಯಾಸ ಕೇಳಿ ಪುಟಗಟ್ಟಲೆ ಬರೆದುಕೊಂಡವನು ನಾನು. ಅಕ್ಷರ ತಿಳಿಯದ ಈಕೆ ಮಾರುದೂರದಿಂದ ನನ್ನ ಒಂದು ಹೂಂನ ಟೊಳ್ಳನ್ನು ಅಳೆದಿದ್ದಳು. ಬೆಟ್ಟ ಅಲ್ಲೇ ಇತ್ತು, ಮೋಡದ ನೆರಳೂ ಇತ್ತು; ನನಗೆ ಆ ಕುರಿಯ ಉಸಿರು ಬಿಟ್ಟರೆ ಬೇರೇನೂ ಬೇಡವಾಗಿತ್ತು. ಕಿವಿಯನ್ನು ಅದರ ಪಕ್ಕೆಗೇ ಒತ್ತಿ ಕುಳಿತೆ. ಎಷ್ಟು ಹೊತ್ತೋ. ಉಸಿರು ನಿಧಾನವಾಯಿತು. ಹೊಟ್ಟೆಯೊಳಗೆ ಏನೋ ಗುಡುಗಿತು. ಆಮೇಲೆ ಅದರ ಗಂಟಲಿನಲ್ಲಿ ಒಂದು ಉಂಡೆ ಮೇಲೇರಿತು, ದವಡೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿತು. ಮೆಲುಕು! ಆ ಕಚಕಚ ಸದ್ದಿಗೆ ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎದ್ದು ನೋಡಿದರೆ ತಂಗಡಿಯ ಹಳದಿ ಮತ್ತೆ ಹಳದಿಯಾಗಿತ್ತು, ಗಾಳಿಗೆ ತಂಪಿತ್ತು.

ದೊಡ್ಡಪ್ಪ ಬಂದು, "ಎಲ್ಲ ನೆಟ್ಟಗೈತೇನ್ಲೇ?" ಎಂದ. ದೊಡ್ಡವ್ವ ಕತ್ತೆಯ ಹಗ್ಗ ಬಿಗಿಯುವ ನೆಪದಲ್ಲಿ ಆ ಕಡೆ ತಿರುಗಿದಳು. ಹೂಂ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮುಳ್ಳು ಸರಿಸಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಅವನು ನಡುವೆ ಬಾಯಿ ಹಾಕದೆ, ನನ್ನ ಮುಖವನ್ನೇ ನೋಡುತ್ತ ಕೊನೆಯವರೆಗೂ ಕೇಳಿದ. ಮಲಗಿದ್ದ ಕುರಿಯ ಕಿವಿ ಮುಟ್ಟಿ ನೋಡಿದ. ಬೈಯಲಿಲ್ಲ.

"ಮುಂದೆ ಹಳ್ಳದ ದಂಡೇಲಿ ಇನ್ನೊಂದು ಕೂಳೆ ಹೊಲ ಐತೆ," ಎಂದು ಮೊದಲು ಹೇಳಿದಾಗಿನಂತೆಯೇ ಕೋಲು ಚಾಚಿದ.

ನಾನು ಹೂಂ ಎನ್ನಲಿಲ್ಲ.

"ಹಳ್ಳದ ಈ ಕಡೆನೋ ಆ ಕಡೆನೋ ದೊಡ್ಡಪ್ಪ?" ಎಂದು ಕೇಳಿದೆ.