ಬಂದರೆ ಸೊಪ್ಪಿನ ಗುರುತು

ಮೊನ್ನೆ ಭಾನುವಾರ ಮೊಮ್ಮಗಳು ಗೆಳತಿಯರ ಜೊತೆ ನಮ್ಮ ಬೆಟ್ಟ ಸುತ್ತಿ ಬಂದಳು. ಈಗ ಅದಕ್ಕೆ ಟ್ರೆಕ್ಕಿಂಗ್ ಅನ್ನುತ್ತಾರೆ. ಮೈಸೂರಿನಿಂದ ಕಾರಿನಲ್ಲಿ ಬಂದು, ಬಂಡೆಗಳ ಮೇಲೆ ಯಾರೋ ಬಳಿದಿರುವ ಬಾಣದ ಗುರುತು ನೋಡಿಕೊಂಡು ನಡೆದು, ಸಂಜೆಗೆ ಹೊರಟಲ್ಲಿಗೇ ಬಂದು ಸೇರುತ್ತಾರಂತೆ. ಅವಳ ಬ್ಯಾಗಿನ ಪಟ್ಟಿಗೆ ಒಂದು ಹಸಿ ಕಡ್ಡಿ ಸಿಕ್ಕಿಕೊಂಡಿತ್ತು. ಬಿಡಿಸಲು ಹೋದರೆ ಎಲೆ ಬೆರಳಿಗೆ ಅಂಟಿತು. ಮೂಗಿನ ಹತ್ತಿರ ಹಿಡಿದೆ... ಬಂದರೆ ಗಿಡದ ಸೊಪ್ಪು. ಆ ಕಹಿ ಗಮಲು ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಅಕ್ಕ ಕಣ್ಣ ಮುಂದೆ ಬಂದು ನಿಂತಳು.

ನಾನು ಮದುವೆಯಾಗಿ ಕಂಪಲಾಪುರದ ಹತ್ತಿರದ ಈ ಊರಿಗೆ ಬಂದದ್ದು ಐವತ್ತರ ದಶಕದ ಶುರುವಿನಲ್ಲಿ. ನಮ್ಮ ಮನೆಗೂ ಅಕ್ಕನ ಮನೆಗೂ ನಡುವೆ ಒಂದೇ ಗೋಡೆ. ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಗಂಡ ಕೊಡಗಿನ ಕಾಫಿ ತೋಟದ ಕೆಲಸಕ್ಕೆಂದು ಹೋದವನು ಮೊದಲ ವರ್ಷ ಹೋಗಿ ಬರುವವರ ಕೈಲಿ ಸುದ್ದಿ ಕಳಿಸುತ್ತಿದ್ದ, ಆಮೇಲೆ ಅದೂ ನಿಂತಿತ್ತು. ಹೊಸ ಊರಿನಲ್ಲಿ ಬಾಳುವುದನ್ನು ನನಗೆ ಕಲಿಸಿದವಳು ಅವಳೇ. ನಮ್ಮತ್ತೆ ಬಾಯಿ ತೆಗೆದರೆ ಮೂರು ಬೀದಿಗೆ ಕೇಳಿಸುತ್ತಿತ್ತು. "ಅತ್ತೆ ಬಯ್ಯಾಕೆ ಸುರು ಮಾಡುದ್ರೆ ರಾಗಿ ಬೀಸಾಕೆ ಕುಂತ್ಕೊ ಕಣವ್ವ. ಕಲ್ಲಿನ ಸದ್ದಲ್ಲಿ ಏನೂ ಕೇಳಾಕಿಲ್ಲ," ಅನ್ನುತ್ತಿದ್ದಳು. ಆ ವರ್ಷ ನಮ್ಮ ಮನೆಯಲ್ಲಿ ರಾಗಿ ಹಿಟ್ಟಿಗೆ ಬರವೇ ಇರಲಿಲ್ಲ.

ಮದುವೆಯಾಗಿ ಮೂರು ವರ್ಷ ಕಳೆದರೂ ನನಗೆ ಮಕ್ಕಳಾಗಲಿಲ್ಲ. ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತಾಡತೊಡಗಿದರು. ಆಗ ಅಕ್ಕನೇ ಬೆಟ್ಟದ ಸುತ್ತಿನ ಹರಕೆ ಹೊರಿಸಿದಳು.

ಬೋಳು ಬೆಟ್ಟ ಅದು. ಬಂಡೆ, ಕಾರೆ ಮುಳ್ಳು, ಬಂದರೆ ಗಿಡ, ಅಷ್ಟೇ. ಶಿವರಾತ್ರಿ ಕಳೆದ ಮೊದಲ ಸೋಮವಾರ ಹೊತ್ತು ಹುಟ್ಟುವಾಗ ತಪ್ಪಲಿನ ಬಸವನ ಕಲ್ಲಿಗೆ ಕೈಮುಗಿದು, ಬೆಟ್ಟವನ್ನು ಬಲಕ್ಕಿಟ್ಟುಕೊಂಡು, ಬರಿಗಾಲಲ್ಲಿ ಹೊರಡಬೇಕು. ಪಡುವಲಿಗೆ ಹೊರಟವರು ಸಂಜೆಗೆ ಮೂಡಲಿಂದ ಬಂದು ಅದೇ ಕಲ್ಲು ಮುಟ್ಟಬೇಕು. ನೀರು ಒಯ್ಯುವಂತಿಲ್ಲ. ಅರ್ಧ ದಾರಿಯಲ್ಲಿ ಬಂಡೆಯ ನಡುವೆ ಒಂದು ದೊಣೆಯಿದೆ, ಅದರಲ್ಲಿ ನಿಂತ ನೀರು ಮಾತ್ರ ಕುಡಿಯಬಹುದು. ಜೊತೆಯಲ್ಲಿ ನಡೆಯುವಂತಿಲ್ಲ, ಮುಂದಿನವರು ಮರೆಯಾದ ಮೇಲೆ ಹಿಂದಿನವರು ಹೊರಡಬೇಕು. ಇಟ್ಟ ಹೆಜ್ಜೆ ಹಿಂದಕ್ಕೆ ತೆಗೆದರೆ ಹರಕೆ ಮುರಿಯಿತು.

ನನ್ನದು ಒಂದೇ ಸುತ್ತಿನ ಹರಕೆ. ಅಕ್ಕ ಗಂಡ ಮರಳಿ ಬರಲೆಂದು ಮೂರು ವರ್ಷಕ್ಕೆ ಮೂರು ಸುತ್ತು ಹೊತ್ತಿದ್ದಳು. ಎರಡು ಮುಗಿದಿದ್ದವು, ಅದು ಕೊನೆಯದು. ಆ ವರ್ಷ ಹರಕೆ ಹೊತ್ತವರು ನಾವಿಬ್ಬರೇ.

"ನೀನು ಮುಂದೆ ಓಗು. ಕವಲು ಸಿಕ್ಕುದ್ರೆ ಬೆಟ್ಟದ ಕಡೀಕೇ ತಿರುಗು. ನೀ ಓಗ್ದೆ ಇರೋ ದಾರಿಗೆ ಬಂದರೆ ಸೊಪ್ಪು ಅಡ್ಡ ಇಕ್ಕು, ಮ್ಯಾಲೊಂದು ಕಲ್ಲಿಡು. ಬ್ಯಾರೆ ಸೊಪ್ಪು ಬ್ಯಾಡ ಕಣೆ," ಅಂದಳು.

ಮೊದಲ ಎರಡು ಕವಲುಗಳಲ್ಲಿ ಹೇಳಿದಂತೆಯೇ ಮಾಡಿದೆ. ಕೈಯೆಲ್ಲ ಅಂಟಂಟು, ಉಜ್ಜಿದಷ್ಟೂ ಮಣ್ಣು ಮೆತ್ತಿಕೊಳ್ಳುತ್ತಿತ್ತು. ಮೂರನೆಯ ಕವಲಲ್ಲಿ ಒಂದು ದಾರಿ ಬೆಟ್ಟದ ಮಗ್ಗುಲಿಗೆ, ಇನ್ನೊಂದು ಮುಳ್ಳಿನ ಕೊರಕಲಿಗೆ ಇಳಿಯುತ್ತಿತ್ತು. ಅಲ್ಲೊಂದು ಗೋಣಿಮರ. ಕೈಗೆಟುಕುವಂತೆ ಬಾಗಿದ್ದ ಎಳೆಯ ಕೊಂಬೆ ಕಂಡಿತು. ಸೊಪ್ಪು ಯಾವುದಾದರೇನು ಅಂದುಕೊಂಡು ಅದನ್ನೇ ಮುರಿದು ಕೊರಕಲಿನ ದಾರಿಗೆ ಅಡ್ಡ ಇಟ್ಟು ಕಲ್ಲು ಹೇರಿದೆ.

ಅಲ್ಲಿಂದ ನಡೆದು ದೊಣೆ ಮುಟ್ಟಿದೆ, ನೀರು ಕುಡಿದೆ. ಬಿಸಿಲು ನೆತ್ತಿಗೆ ಬಂದು, ಕಾಲಡಿಯ ಬಂಡೆ ಕಾದ ಹೆಂಚಾಗಿತ್ತು. ಸಂಜೆ ಮೂಡಲಿಂದ ಬಂದು ಬಸವನ ಕಲ್ಲು ಮುಟ್ಟಿದಾಗ ಅತ್ತೆಯೇ ಎದುರು ಬಂದು ಕಾಲಿಗೆ ನೀರು ಹೊಯ್ದರು. ಅದೇ ಮೊದಲು, ಅದೇ ಕೊನೆ.

ಅಕ್ಕ ಬರಲಿಲ್ಲ. ಊರವರೆಲ್ಲ ಮೂಡಲ ಕಡೆಗೇ ನೋಡುತ್ತಾ ನಿಂತಿದ್ದೆವು. ಹೊತ್ತು ಮುಳುಗುವಾಗ ಯಾರೋ "ಅಯ್ಯೋ ಶಿವನೇ" ಅಂದರು. ತಿರುಗಿ ನೋಡಿದರೆ ಅಕ್ಕ ಪಡುವಲ ದಾರಿಯಲ್ಲಿ, ಹೋದ ದಾರಿಯಲ್ಲೇ, ವಾಪಸು ಬರುತ್ತಿದ್ದಳು. ಸೀರೆ ಮುಳ್ಳಿಗೆ ಸಿಕ್ಕಿ ಹರಿದಿತ್ತು. ತುಟಿ ಒಡೆದಿತ್ತು. ನನ್ನನ್ನು ಕಂಡವಳೇ ಎರಡೂ ಕೈಯಿಂದ ನನ್ನ ಮುಖ ಸವರಿದಳು. ಮಾತಾಡಲು ಗಂಟಲೇ ಹೊರಡಲಿಲ್ಲ. ಕೇಳಿದವರಿಗೆಲ್ಲ ಆಮೇಲೆ ಹೇಳಿದ್ದು ಒಂದೇ ಮಾತು: "ತಲೆ ತಿರುಗ್ತು, ವಾಪಸ್ ಬಂದ್ಬುಟ್ಟೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಎರಡು ವರ್ಷ ನಡೆದದ್ದೂ ನೀರುಪಾಲಾಯಿತು. ಮರುವರ್ಷ ನನ್ನ ಮಡಿಲಲ್ಲಿ ಮಗಳಿದ್ದಳು. ಅಕ್ಕನ ಗಂಡ ಬರಲಿಲ್ಲ. ಊರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ನೇಮದಿಂದ ಸುತ್ತಿದವಳಿಗೆ ಫಲ ಸಿಕ್ಕಿತು, ಮುರಿದವಳಿಗೆ ಇಲ್ಲ ಎಂದು ಬಾವಿಕಟ್ಟೆಯಲ್ಲಿ ಅವಳಿಗೆ ಕೇಳಿಸುವಂತೆಯೇ ಆಡಿಕೊಂಡರು. ನಾನು ಅಲ್ಲೇ ಕೊಡ ಹಿಡಿದು ನಿಂತಿರುತ್ತಿದ್ದೆ. ಮನೆಗೆ ಬಂದು ರಾಗಿ ಬೀಸುತ್ತಿದ್ದೆ.

ಮಗಳಿಗೆ ಏಳು ತಿಂಗಳಾದಾಗ ಅಕ್ಕ ಒಂದು ಗಂಟು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಕಂಪಲಾಪುರದಲ್ಲಿ ಬಸ್ಸು ಹತ್ತಿ ಕೊಡಗಿಗೆ ಹೋಗುತ್ತೇನೆ, ತೋಟ ತೋಟ ತಿರುಗಿಯಾದರೂ ಅವನನ್ನು ಹುಡುಕುತ್ತೇನೆ ಅಂದಳು.

"ಅಕ್ಕ, ಮೂರನೇ ಕವಲಲ್ಲಿ ನಾನು ಬಂದರೆ ಸೊಪ್ಪು ಇಕ್ಕಿರ್ನಿಲ್ಲ. ಗೋಣಿ ಸೊಪ್ಪು ಇಕ್ಕಿದ್ದೆ," ಅಂದೆ.

ಅವಳು ಗಂಟನ್ನು ಕಂಕುಳಿಗೆ ಸೇರಿಸಿಕೊಂಡಳು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ. ಬಂದರೇನ ಮಾತ್ರ ಅದು ಮುಟ್ಟಾಕಿಲ್ಲ ಕಣವ್ವ. ಅದುಕ್ಕೇ ಏಳಿದ್ದು."

"ನಿಂಗೆ ದಾರಿ ಗೊತ್ತಿತ್ತಲ್ಲಕ್ಕ..."

"ನಂಗೆ ಗೊತ್ತಿತ್ತು. ನೀನು ಯಾವ ಕಡೀಕೆ ಓದೆ ಅಂತ ಗೊತ್ತಾಗ್ನಿಲ್ಲ. ಅಲ್ಲಿ ಗುರುತೇ ಇರ್ನಿಲ್ಲ. ಕೊರಕಲಿಗೆ ಇಳುದ್ಬುಟ್ಟಿದ್ದೀಯೇನೋ ಅಂತ ಒತ್ತು ಇಳಿಯೋ ಗಂಟ ಕೂಗ್ತಾ ಉಡುಕ್ದೆ. ವಾಪಸ್ ಅತ್ತಿ ಬಂದ್ಮೇಲೆ ಇನ್ನೆಲ್ಲಿ ಅರಕೆ? ಓಗ್ಲಿ ಬುಡು, ನೀ ತಿಳೀದೆ ಮಾಡ್ದೆ. ಮಗೀನ ಚೆಂದಾಗಿ ನೋಡ್ಕೊ."

ಮಗುವಿನ ಗಲ್ಲ ಮುಟ್ಟಿ ಹೊರಟಳು. ಮತ್ತೆ ಸುದ್ದಿ ಬರಲಿಲ್ಲ. ಕೊಡಗಿನಿಂದ ಬಂದವರನ್ನೆಲ್ಲ ಕೇಳಿದೆ, ಎಷ್ಟೋ ವರ್ಷ ಕೇಳಿದೆ... ಈಗ ಅವಳಿಲ್ಲ ಎಂದು ಎಣಿಕೆ ಹಾಕಿಯೇ ತಿಳಿಯಬೇಕು. ನನಗೇ ಎಂಬತ್ತು ದಾಟಿದೆ.

"ಇದೇನಜ್ಜಿ, ಇಷ್ಟು ಅಂಟು! ಆಡು ಕೂಡ ತಿನ್ನಲ್ಲ ಅನ್ಸುತ್ತೆ," ಎಂದು ಮೊಮ್ಮಗಳು ನಕ್ಕು ಕಡ್ಡಿಯನ್ನು ಎಸೆಯಲು ಕೈ ಚಾಚಿದಳು. ನಾನು ಕೊಡಲಿಲ್ಲ. ಅವಳಿಗೆ ಈ ಕಥೆ ಗೊತ್ತಿಲ್ಲ. ಅಕ್ಕನಿಗೂ ಪೂರ್ತಿ ಗೊತ್ತಾಗಲಿಲ್ಲ.

ಗೋಣಿ ಕೊಂಬೆ ಇಟ್ಟು ಮೂವತ್ತು ಹೆಜ್ಜೆ ನಡೆದಿದ್ದೆ. ಹಿಂದೆ ಆಡಿನ ಕೊರಳ ಗಂಟೆ ಕೇಳಿಸಿತು. ತಿರುಗಿದೆ. ಏಳೆಂಟು ಆಡುಗಳು ಕೊಂಬೆಯನ್ನು ಎಳೆದಾಡಿ ಮೇಯುತ್ತಿದ್ದವು. ಹೆಜ್ಜೆ ಹಿಂದಕ್ಕಿಟ್ಟರೆ ನನ್ನ ಹರಕೆ ಹೋಗುತ್ತದೆ ಎಂದು ಅಲ್ಲೇ ನಿಂತಿದ್ದೆ. ಬಾಯಲ್ಲಿ "ಹೊಯ್" ಅಂತಲೂ ಅನ್ನಲಿಲ್ಲ.

ತಿಳಿಯದೆ ಮಾಡಿದ್ದಲ್ಲ, ಅಕ್ಕ. ನೋಡಿದೆ. ನೋಡಿಯೇ ಮುಂದೆ ಹೋದೆ.