ಚೌಖಂಬಾದ ಮೂವತ್ತೊಂದು ಮೆಟ್ಟಿಲು

ಕಾಶಿಯಲ್ಲಿ ಚೌಖಂಬಾದವರು ಅಂದರೆ ಸಾಕು, ರಿಕ್ಷಾದವನೂ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. ತಲೆತಲಾಂತರದ ಸೇಠರ ಹವೇಲಿಗಳು, ರೇಷ್ಮೆ ವ್ಯಾಪಾರದ ಸಿರಿ, ಕೆತ್ತನೆಯ ಕಿಟಕಿಗಳು. ಗಲ್ಲಿಯೋ, ಎರಡು ಹಸು ಎದುರಾದರೆ ಒಂದು ಹಿಂದೆ ಸರಿಯಬೇಕು. ಅಂಥದೊಂದು ಹವೇಲಿಯ ಮೂರನೆಯ ಅಂತಸ್ತಿನಲ್ಲಿ ಅನ್ನದಾನಯ್ಯ ಮೂವತ್ತೆಂಟು ವರ್ಷದಿಂದ ಬಾಡಿಗೆಗಿದ್ದ.

ಗದಗಿನ ಕಡೆಯ ಜಂಗಮ. ಕನ್ನಡದವರ ಮಠದಲ್ಲಿ ಯಾತ್ರಿಕರಿಗೆ ಖೋಲಿ ಕೊಡುವ ಕೆಲಸ ಮಾಡಿ ಮುದುಕನಾಗಿದ್ದ. ಮಠದವರು ಎರಡು ಸಲ ಮಠದಲ್ಲೇ ಕೆಳಗಿನ ಖೋಲಿ ಕೊಡುತ್ತೇವೆ ಅಂದಾಗಲೂ ಬೇಡ ಅಂದಿದ್ದ. ಕಾರಣ ಬೇರೇನಲ್ಲ, ಒಣ ಜಂಬ. ಊರಿನಿಂದ ಬಂದವರನ್ನು ಏದುಸಿರು ಬಿಡಿಸುತ್ತ ಮೇಲಕ್ಕೆ ಹತ್ತಿಸಿ, ಆ ಕಿಟಕಿ ತೋರಿಸಿ, "ಇದು ನಮ್ಮನಿ" ಅನ್ನದಿದ್ದರೆ ಅವನಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಮನೆ ಸೇಠರದು ಎಂಬುದನ್ನು ಹೇಳಲು ಮರೆಯುತ್ತಿದ್ದ.

ಈಗ ಹೆಂಡತಿ ಮಹೇಶ್ವರಿಯ ಎದೆಯಲ್ಲಿ ನೀರು ತುಂಬಿತ್ತು. ಕಾಶಿಯ ಲಂಕಾ ಪೇಟೆಯ ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದಿದ್ದರು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಹಗಲೂ ರಾತ್ರಿ ದಿಂಬಿಗೆ ಒರಗಿ, ಕಾಲು ಮಡಚಿ ಕುಳಿತೇ ಇರುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರೇ.

ಅಷ್ಟರಲ್ಲಿ ಸೇಠರ ತಾಯಿ ತೀರಿಕೊಂಡರು. ಹವೇಲಿಯ ಇಕ್ಕಟ್ಟಾದ ತಿರುಚು ಮೆಟ್ಟಿಲಲ್ಲಿ ಅವರನ್ನು ಬಿದಿರಿಗೆ ಕಟ್ಟಿ, ತಿರುವಿನಲ್ಲಿ ಚಟ್ಟವನ್ನೇ ನೆಟ್ಟಗೆ ನಿಲ್ಲಿಸಿ ಇಳಿಸಿದರು. ಅನ್ನದಾನಯ್ಯ ಮೇಲೆ ನಿಂತು ನೋಡುತ್ತಿದ್ದ. ಅವನವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ, ಮಂಟಪದಂಥ ವಿಮಾನ ಕಟ್ಟಿ ಹೊರುತ್ತಾರೆ. ಕುಳಿತ ಹಾಗೆಯೇ ಮಣ್ಣಿಗಿಡುತ್ತಾರೆ. ನಾಳೆ ಮಹೇಶ್ವರಿಯನ್ನು ಕುಳಿತ ಹಾಗೆ ಈ ಮೆಟ್ಟಿಲಲ್ಲಿ ಇಳಿಸುವುದು ಹೇಗೆ?

ಸೇಠರ ಸೊಸೆ ಶಿವಾನಿ ಎರಡನೆಯ ಅಂತಸ್ತನ್ನು ಪ್ರವಾಸಿಗರಿಗೆ ಬಿಟ್ಟು, ಅವರು ಜಾರಬಾರದೆಂದು ಮೆಟ್ಟಿಲಿಗೆ ಹಿಡಿದು ಇಳಿಯಲು ತೇಗದ ಕಟಾಂಜನ ಹಾಕಿಸಿದ್ದಳು. ಇದ್ದ ಜಾಗದಲ್ಲೂ ನಾಲ್ಕು ಬೆರಳಗಲ ಹೋಗಿತ್ತು. ಅದನ್ನು ತೆಗೆಸಮ್ಮ ಎಂದು ಅನ್ನದಾನಯ್ಯ ಅವಳ ಮುಂದೆ ಕೈಮುಗಿದ. ಹುಡುಗಿ ಕೆಟ್ಟವಳಲ್ಲ. ಮೆಟ್ಟಿಲಿಗಷ್ಟೇ ಅಮ್ಮನನ್ನು ಮಲಗಿಸಿ ಇಳಿಸಿ, ಗಲ್ಲಿಯಲ್ಲಿ ಕೂರಿಸಿದರಾಯಿತಲ್ಲ ಬಾಬಾ, ಯಾರು ನೋಡುತ್ತಾರೆ, ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದಳು. ಅವನು ಕಟಾಂಜನ ಮುಟ್ಟದೆ ಮೇಲೆ ಹತ್ತಿ ಹೋದ.

ಮರುದಿನ ಮಧ್ಯಾಹ್ನ ಹೂಕಟ್ಟುವ ನೂಲಿನಿಂದ ತಿರುವಿನ ಅಗಲ ಅಳೆದು ಗಂಟು ಹಾಕಿಕೊಂಡು ಬಂದ. ಮಹೇಶ್ವರಿ ಕುಳಿತಲ್ಲೇ ಕಣ್ಣು ಮುಚ್ಚಿದ್ದಳು. ಮೆಲ್ಲನೆ ಅವಳ ಮೊಣಕಾಲಿನಿಂದ ಮೊಣಕಾಲಿಗೆ ನೂಲು ಹಿಡಿದ. ಗಂಟು ಒಂದು ಗೇಣು ಈಚೆಯೇ ಉಳಿಯಿತು, ಕುಳಿತವಳು ತಿರುವಿಗಿಂತ ಅಗಲ. ಇವಳನ್ನು ಇಬ್ಬರು ಹಿಡಿದು ಇಳಿಸುವುದಂತೂ ದೂರದ ಮಾತು.

"ಏನ್ ಅಳ್ಯಾಕತ್ತೀರಿ? ಕುಪ್ಪಸ ಹೊಲಸ್ತೀರೇನು?" ಅವಳು ಕಣ್ಣು ಬಿಟ್ಟಿದ್ದಳು.

ಮೂವತ್ತೆಂಟು ವರ್ಷ ಅವಳ ಮುಂದೆ ಒಂದು ಸುಳ್ಳೂ ದಕ್ಕಿರಲಿಲ್ಲ. ಎಲ್ಲ ಹೇಳಿಬಿಟ್ಟ. ಹೇಳಿ, "ತಪ್ಪು ನಂದ. ಮಠದವ್ರು ಕರದಾಗ ಹೋಗಬೇಕಿತ್ತು. ಈ ಕಿಟಕಿ ಕಟಗೊಂಡು ಕುಂತೆ," ಎಂದು ಹಣೆ ಚಚ್ಚಿಕೊಂಡ.

ಅವಳು ಬೈಯಲಿಲ್ಲ. ಅವನ ಕೈಯಿಂದ ನೂಲು ತೆಗೆದುಕೊಂಡು ಸುತ್ತಿಟ್ಟಳು.

"ಆ ಖೋಲಿ ಇನ್ನೂ ಖಾಲಿ ಐತೇನು?"

"ಐತಿ. ಆದ್ರ ನಿನ್ನ ಹೊರೂದು ಹ್ಯಾಂಗ?"

"ನನ್ನ ಯಾಕ ಹೊರ್ತೀರಿ? ಜೀವ ಇನ್ನೂ ಐತಲ್ಲ."

ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಸೀರೆ ಬಿಗಿದು, ಅವಳು ಮೊದಲ ಮೆಟ್ಟಿಲ ಮೇಲೆ ಕುಳಿತಳು. ಕೈಯೂರಿ ಮುಂದಿನದಕ್ಕೆ ಜರುಗಿದಳು. ಅನ್ನದಾನಯ್ಯ ಕೆಳಗೆ ಹಿಮ್ಮುಖವಾಗಿ ನಿಂತು ಒಂದೊಂದು ಮೆಟ್ಟಿಲಿಗೂ ಅವಳ ಪಾದ ಹಿಡಿದು ಇಡುತ್ತ ಬಂದ. ಶಿವಾನಿ ಓಡಿ ಬಂದು ಬೇಡ ಅಂದಳು, ಅತ್ತಳು, ಕಡೆಗೆ ನೀರಿನ ಲೋಟ ಹಿಡಿದು ಹಿಂದೆಯೇ ಇಳಿದಳು. ತಿರುವಿನಲ್ಲಿ ಮಹೇಶ್ವರಿ ಮೊಣಕಾಲು ಎದೆಗವಚಿ ಓರೆಯಾಗಿ ಜಾರಿದಳು. ಮೂರು ಸಲ ಉಸಿರು ನಿಂತೇಹೋಯಿತೆಂದು ಅವನು ಹೆದರಿದ. ಮೂವತ್ತೊಂದು ಮೆಟ್ಟಿಲಿಗೆ ಒಂದು ತಾಸು ಹಿಡಿಯಿತು.

ಹೊಸ್ತಿಲ ಮೇಲೆ ಕುಳಿತು ಅವಳು ಬಹಳ ಹೊತ್ತು ಏದುಸಿರು ಬಿಟ್ಟಳು.

"ನಿನಗಿಷ್ಟು ತ್ರಾಸು ಕೊಟ್ಟೆ," ಎಂದು ಅವನು ಅಳುತ್ತಿದ್ದ.

"ನನ್ನ ಸಲುವಾಗಿ ಅಷ್ಟ ಆಗಿದ್ರ ನಾ ಮ್ಯಾಲೇ ಇರ್ತಿದ್ದೆ. ಮಲಗಿಸಿ ಒಯ್ದಿದ್ರೂ ಶಿವ ಏನ್ ನನ್ನ ಒಲ್ಲೆ ಅಂತಿದ್ನ?" ಮಹೇಶ್ವರಿ ಅವನ ಧೋತರದ ಧೂಳು ಝಾಡಿಸಿದಳು. "ನಾ ಹೋದ ಮ್ಯಾಲ ಮ್ಯಾಲಿನ ಮನ್ಯಾಗ ನೀವೊಬ್ರ ಉಳೀತಿದ್ರಿ. ನಿಮ್ಮನ್ನ ಕುಂಡ್ರಿಸಿ ಇಳಸಾಕ ನೂಲು ಹಿಡಿಯೋರು ಯಾರಿದ್ರು?"