ಹಿರಿತನದ ಪಟ್ಟಿಗೆ ಹಾಕಿದ ಸಹಿ

ನಿವೃತ್ತನಾದ ಮೇಲೂ ನಾನು ಏಳುವುದು ನಾಲ್ಕೂಮುಕ್ಕಾಲಿಗೆ. ಐದೂವರೆಗೆ ಪುಣೆಯ ಲೋಹೆಗಾಂವ್ ವಿಮಾನ ನಿಲ್ದಾಣದ ಹತ್ತಿರದ ನಮ್ಮ ಸೊಸೈಟಿಯೊಳಗೆ ಆರು ಸುತ್ತು ನಡಿಗೆ, ಏಳಕ್ಕೆ ತಿಂಡಿ. ವಿಮಾನ ಹಾರಿಸಿದವನಿಗೆ ಗಡಿಯಾರ ಮೈಯೊಳಗೇ ಇರುತ್ತದೆ.

ನಾನಿದ್ದ ವಿಮಾನ ಕಂಪನಿಯೂ ಇನ್ನೊಂದು ಕಂಪನಿಯೂ ಒಂದಾದಾಗ ಪೈಲಟ್‌ಗಳ ಎರಡು ಹಿರಿತನದ ಪಟ್ಟಿಗಳನ್ನು ಒಂದು ಮಾಡಬೇಕಾಯಿತು. ಪೈಲಟ್‌ಗೆ ಆ ಪಟ್ಟಿಯೇ ಜಾತಕ. ಯಾವ ಊರಿನಲ್ಲಿರಬೇಕು, ದೀಪಾವಳಿಗೆ ರಜೆ ಯಾರಿಗೆ, ಕೋ-ಪೈಲಟ್ ಯಾವಾಗ ಎಡಗಡೆಯ ಸೀಟಿಗೆ ಹೋಗಿ ಕ್ಯಾಪ್ಟನ್ ಆಗಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ಸಮಿತಿಗೆ ನಮ್ಮ ಕಡೆಯಿಂದ ನನ್ನನ್ನು ಕರೆದರು. ನಿವೃತ್ತನಿಗೆ ಪಟ್ಟಿಯಲ್ಲಿ ಜಾಗವಿಲ್ಲ, ಹಾಗಾಗಿ ಆಸೆಯೂ ಇರದು ಎಂಬ ಎಣಿಕೆ.

ಸೇರಿದ ದಿನದ ಪ್ರಕಾರ ಜೋಡಿಸುವುದೆಂದು ತೀರ್ಮಾನವಾಯಿತು. ಕರಡು ಬಂತು. ಓದಿದೆ, ಸಹಿ ಹಾಕಿದೆ. ಅಂದೇ ಅದು ಎರಡೂ ಕಡೆಯ ಪೈಲಟ್‌ಗಳಿಗೆ ಹೋಯಿತು.

ಮರುದಿನ ಲಿಫ್ಟಿನಲ್ಲಿ ಮೇಲಿನ ಮಹಡಿಯ ಹೆಣ್ಣುಮಗಳು ಸಿಕ್ಕಳು. ವಿಜಯಪುರದ ಕಡೆಯವಳು, ಆ ಇನ್ನೊಂದು ಕಂಪನಿಯ ಕೋ-ಪೈಲಟ್. ದಿನವೂ ಕಾಕಾ ಎನ್ನುವವಳು ಅಂದು "ನಮಸ್ಕಾರ ಸರ್" ಎಂದಳು.

"ಏನವಾ, ಇವತ್ತ ನಾ ಸರ್ ಆದ್ನಲ್ಲ?"

"ಸಮಿತಿಯವ್ರಿಗೆ ಕಾಕಾ ಅನ್ನಾಕ ಆಗ್ತದೇನ್ರಿ? ಈ ಸಲ ಕ್ಯಾಪ್ಟನ್ ಟ್ರೇನಿಂಗ್‌ಗೆ ನಂದ ಪಾಳಿ ಇತ್ತು. ಈಗ ನಲವತ್ತು ಮಂದಿ ನನ್ನ ಮುಂದ ಬಂದು ನಿಂತಾರ. ಅದ್ರಾಗ ನಿಮ್ಮ ಹುಬ್ಬಳ್ಳಿ ಶಿಷ್ಯನೂ ಒಬ್ಬಾಂವ. ನಾ ನಮ್ಮ ಕಂಪನಿ ಟ್ರೇನಿಂಗ್‌ಗೆ ಸೋಮವಾರ ಸೇರಿದ್ದೆ, ಅಂವ ನಿಮ್ಮ ಕಂಪನಿಗೆ ಅದ ವಾರ ಗುರುವಾರ. ಅಂವ ನನಗಿಂತ ಭಾಳ ಹಿರಿಯ ಆಗಿಬಿಟ್ನಲ್ರಿ!"

"ನಿನ್ನ ಕಾಗದಪತ್ರ ತಗೊಂಡು ಬಾ."

ತಂದಳು. ಅವಳು ತರಬೇತಿಗೆ ಸೇರಿದ ದಿನಕ್ಕೂ ಪಟ್ಟಿಯಲ್ಲಿದ್ದ ದಿನಕ್ಕೂ ಎಂಟು ತಿಂಗಳ ಅಂತರ. ಅವರ ಕಂಪನಿಯಲ್ಲಿ ಹಿರಿತನ ಎಣಿಸುತ್ತಿದ್ದುದು ತರಬೇತಿ ಮುಗಿಸಿ ಪ್ರಯಾಣಿಕರ ವಿಮಾನಕ್ಕೆ ಕಾಲಿಟ್ಟ ದಿನದಿಂದ. ನಮ್ಮಲ್ಲಿ ತರಗತಿಯ ಮೊದಲ ದಿನದಿಂದ. ನಮ್ಮವರೆಲ್ಲರಿಗೂ ತಿಂಗಳುಗಟ್ಟಲೆ ಹಿರಿತನ ಪುಕ್ಕಟೆ ಬಂದಿತ್ತು.

ಕಾಕ್‌ಪಿಟ್‌ನಲ್ಲಿ ಹಾರುವ ಮೊದಲು ಒಬ್ಬ ತಪಾಸಣೆಯ ಪಟ್ಟಿಯನ್ನು ಒಂದೊಂದೇ ಸಾಲು ಓದುತ್ತಾನೆ. ಇನ್ನೊಬ್ಬ ನೆನಪಿನಿಂದ ಉತ್ತರಿಸುವಂತಿಲ್ಲ. ಆ ಸಾಲು ಹೇಳುವ ಸ್ವಿಚ್ಚನ್ನು ಕಣ್ಣಾರೆ ನೋಡಿ "ಚೆಕ್" ಎನ್ನಬೇಕು. ಇದನ್ನು ವರ್ಷಗಟ್ಟಲೆ ಕಲಿಸಿದವನು ನಾನು. ಆದರೆ ನಮ್ಮವರ ಹೆಸರುಗಳು ಮೇಲಿದ್ದದ್ದು ಸಹಜವೆನಿಸಿ, ಒಂದು ಕಡತವನ್ನೂ ತೆಗೆಸದೆ ಸಹಿ ಹಾಕಿದ್ದೆ. ತಪ್ಪು ನನ್ನದು. ತಿದ್ದುವ ಕೆಲಸವೂ ನನ್ನದೇ.

ಮರುದಿನ ಸಮಿತಿಯಲ್ಲಿ ಸಹಿ ಹಿಂದೆಗೆದುಕೊಂಡೆ. ನಮ್ಮ ಕಡೆಯ ಇನ್ನೊಬ್ಬ ಸದಸ್ಯರು ಮರಾಠಿಯಲ್ಲಿ ಸಿಡುಕಿದರು: "ಅಹೋ ಕ್ಯಾಪ್ಟನ್, ನಮ್ಮ ಮಕ್ಕಳನ್ನು ನೀವೇ ಕೆಳಗೆ ತಳ್ಳುತ್ತೀರಾ?"

"ನಾನು ಎರಡೂ ಕಂಪನಿಯವರ ಹೆಸರು ಓದುತ್ತೇನೆ," ಎಂದೆ. "ನೀವು ಕಡತ ನೋಡಿ ತರಗತಿಯ ಮೊದಲ ದಿನ ಹೇಳಿ. ನೆನಪಿನಿಂದ ಬೇಡ."

ಬೆಳಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ, ಮೂರು ದಿನ. ಮಧ್ಯಾಹ್ನ ಪಕ್ಕದ ಉಡುಪಿ ಹೋಟೆಲಿನ ಊಟ, ಅರ್ಧ ಗಂಟೆ ಮಾತ್ರ. ಮೊದಲ ದಿನ ಗೊಣಗಿದ ಸದಸ್ಯರು ಮೂರನೆಯ ದಿನ ನನಗಿಂತ ಮೊದಲೇ ಬಂದು ಕಡತ ಜೋಡಿಸಿಟ್ಟಿದ್ದರು.

ಹೊಸ ಪಟ್ಟಿಯಲ್ಲಿ ಮೇಲಿನ ಮಹಡಿಯವಳಿಗೆ ಆ ಸಲದ ತರಬೇತಿಯ ಕೊನೆಯ ಜಾಗ ಸಿಕ್ಕಿತು. ಅವಳ ಕೆಳಗಿನ ಹೆಸರೇ ನನ್ನ ಶಿಷ್ಯನದು. ಅವನು ಮುಂದಿನ ತಂಡಕ್ಕೆ ಕಾಯಬೇಕಿತ್ತು. ಫೋನ್ ಮಾಡಿದ.

"ಕಲಿಸಿದವ್ರೂ ನೀವ, ಇಳಿಸಿದವ್ರೂ ನೀವ ಏನ್ರಿ ಸರ್?"

"ನೀ ತರಗತಿಗೆ ಸೇರಿದ್ದು ಯಾವತ್ತ?"

"ಗುರುವಾರ."

"ಆಕಿ?"

"ಆ ವಾರದ ಸೋಮವಾರ, ಸರ್."

"ನೋಡಿ ಹೇಳಿದಿ, ಏನ್ ನೆನಪಿನಿಂದ?"

"ಲಿಸ್ಟ್ ಕೈಯಾಗ ಅದರಿ." ಆಮೇಲೆ ಅವನೇ, ಮೆತ್ತಗೆ: "ಚೆಕ್."